ಮಿದುಳು ಕಟ್ಟುವ ಕೆಲಸದಲ್ಲಿ ಸೈಟೊಕೈನ್‌ಗಳಿಗೇನು ಪಾತ್ರ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ಶಿಕ್ಷಕಿ. ಸೋಂಕು ತಗುಲಿದಾಗ ಬಿಳಿ ರಕ್ತಕಣಗಳು ಹೊರಸೂಸುವ ಸಂದೇಶದ ಅಣುಗಳೇ ಸೈಟೊಕೈನ್‌ಗಳು ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಈಚೆಗೆ ಓದಿದ ಲೇಖನವೊಂದರಲ್ಲಿ ಇವೇ ಅಣುಗಳು ಭ್ರೂಣದ ಮಿದುಳಿನ ಬೆಳವಣಿಗೆಯ ದಿಕ್ಕನ್ನೇ ಬದಲಿಸಬಲ್ಲವು ಎಂದಿತ್ತು. ಇವು ಮಿದುಳಿನ ಕೋಶಗಳನ್ನು ಬೆಳೆಸುತ್ತವೆಯೋ ಕೊಲ್ಲುತ್ತವೆಯೋ? ನನ್ನ ತಂಗಿ ಈಗ ಐದು ತಿಂಗಳ ಗರ್ಭಿಣಿ. ಮೂರನೆಯ ತಿಂಗಳಲ್ಲಿ ಅವಳಿಗೆ ಫ್ಲೂ ಬಂದು ಎರಡು ಮೂರು ದಿನ ಜ್ವರವಿತ್ತು. ಲೇಖನ ಓದಿದಂದಿನಿಂದ ಇಬ್ಬರಿಗೂ ನಿದ್ದೆಯಿಲ್ಲ. ಮಗುವಿಗೆ ತೊಂದರೆಯಾಗಿರಬಹುದೇ? ಈ ಅಣುಗಳನ್ನು ತಡೆಯುವ ಔಷಧಿಯೇನಾದರೂ ಇದೆಯೇ?

ಉತ್ತರ: ಬೆಳೆಸುತ್ತವೆ, ಕೊಲ್ಲುತ್ತವೆ, ಇವೆರಡರ ನಡುವಿನ ಹತ್ತಾರು ಕೆಲಸಗಳನ್ನೂ ಮಾಡುತ್ತವೆ. ಯಾವ ಕೋಶವನ್ನು, ಬೆಳವಣಿಗೆಯ ಯಾವ ಹೊತ್ತಿನಲ್ಲಿ, ಎಷ್ಟು ಪ್ರಮಾಣದಲ್ಲಿ ತಲುಪಿದವು ಎಂಬುದರ ಮೇಲೆ ಪರಿಣಾಮ ನಿಂತಿದೆ. ನಿಮ್ಮ ತಂಗಿಯ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಗರ್ಭಿಣಿಯಾಗಿದ್ದಾಗ ಎರಡು ಮೂರು ದಿನ ಜ್ವರದಿಂದ ಮಲಗಿ ಎದ್ದ ತಾಯಂದಿರ ಮಕ್ಕಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಬೆಳೆಯುತ್ತಾರೆ. ಇದು ಬರಿಯ ಸಮಾಧಾನದ ಮಾತಲ್ಲ, ಇದಕ್ಕೆ ಅಂಕಿಅಂಶಗಳ ಬಲವಿದೆ. ಆದರೆ ಆ ಅಂಕಿಅಂಶಗಳು ಮನಸ್ಸಿಗೆ ಒಪ್ಪಿಗೆಯಾಗಬೇಕಾದರೆ, ಯಾವ ಸೋಂಕೂ ಇಲ್ಲದ ಆರೋಗ್ಯವಂತ ಭ್ರೂಣದ ಮಿದುಳಿನಲ್ಲಿ ಈ ಅಣುಗಳು ಏನು ಮಾಡುತ್ತಿರುತ್ತವೆ ಎಂಬುದನ್ನು ಮೊದಲು ನೋಡುವುದು ಒಳ್ಳೆಯದು.

ಪಠ್ಯಪುಸ್ತಕಗಳು ಸೈಟೊಕೈನ್‌ಗಳನ್ನು ರೋಗನಿರೋಧಕ ವ್ಯವಸ್ಥೆಯ ಅಧ್ಯಾಯದಲ್ಲಿ ಇಟ್ಟಿರುವುದಕ್ಕೆ ಚಾರಿತ್ರಿಕ ಕಾರಣವಿದೆ. ಅವುಗಳನ್ನು ಮೊದಲು ಗುರುತಿಸಿದವರು ವೈರಾಣು ಮತ್ತು ರಕ್ತಕಣಗಳ ಅಧ್ಯಯನದಲ್ಲಿ ತೊಡಗಿದ್ದವರು. 1957ರಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇಂಟರ್‌ಫೆರಾನ್ ಎಂಬ ಸೈಟೊಕೈನನ್ನು ಕಂಡುಕೊಂಡದ್ದು ಫ್ಲೂ ವೈರಾಣುವಿನ ಮೇಲೆ ಕೆಲಸ ಮಾಡುತ್ತಿದ್ದಾಗ. ಮಿದುಳಿನ ಅಧ್ಯಯನ ಬೇರೆಯೇ ದಾರಿಯಲ್ಲಿ ಸಾಗಿತ್ತು. ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ನರಗಳನ್ನು ಬೆಳೆಸುವ ಪ್ರೋಟೀನನ್ನು ಕಂಡುಹಿಡಿದು 1986ರಲ್ಲಿ ನೊಬೆಲ್ ಪಡೆದರು. ಆ ನರವರ್ಧಕ ಪ್ರೋಟೀನಿಗೆ ನರಕೋಶದ ಮೇಲಿರುವ ಗ್ರಾಹಕಗಳಲ್ಲಿ, ಅಂದರೆ ಸಂದೇಶವನ್ನು ಹಿಡಿಯುವ ಪ್ರೋಟೀನ್‌ಗಳಲ್ಲಿ, ಒಂದನ್ನು ಬಿಡಿಸಿ ನೋಡಿದಾಗ, ಉರಿಯೂತದ ಪ್ರಮುಖ ಅಣುವಾದ ಟಿಎನ್‌ಎಫ್‌ನ ಗ್ರಾಹಕಗಳೂ ಅದೂ ಒಂದೇ ಕುಟುಂಬದವು ಎಂದು ತಿಳಿಯಿತು. ಎರಡು ಅಧ್ಯಾಯಗಳ ನಡುವಿನ ಗೆರೆ ಪುಸ್ತಕದಲ್ಲಿ ಇರುವಷ್ಟು ದಪ್ಪವಾಗಿ ದೇಹದಲ್ಲಿ ಇಲ್ಲ. ಇನ್ನೊಂದು ಸಂಗತಿಯೂ ಮುಖ್ಯ. ಬೆಳೆಯುತ್ತಿರುವ ಮಿದುಳಿನಲ್ಲಿ ಕಾಣುವ ಸೈಟೊಕೈನ್‌ಗಳಲ್ಲಿ ಹೆಚ್ಚಿನವು ರಕ್ತದಿಂದ ಸೋರಿ ಬಂದವಲ್ಲ. ನರಕೋಶಗಳು, ಅವುಗಳ ನೆರೆಯ ಗ್ಲಿಯಾ ಕೋಶಗಳು, ಮಿದುಳನ್ನು ಸುತ್ತಿರುವ ಪೊರೆಗಳು ಇವನ್ನು ತಾವೇ ತಯಾರಿಸುತ್ತವೆ.

ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಸೊಗಸಾದ ಉದಾಹರಣೆ ನರಕೋಶಗಳು ಮತ್ತು ಆಸ್ಟ್ರೋಸೈಟ್‌ಗಳ ಸರದಿಯದು. ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ಒಂದೇ ಬಗೆಯ ಆಕರಕೋಶಗಳಿಂದ ಮೊದಲು ನರಕೋಶಗಳು ಹುಟ್ಟುತ್ತವೆ. ಆಮೇಲೆ, ಅವೇ ಆಕರಕೋಶಗಳಿಂದ, ನರಕೋಶಗಳನ್ನು ಪೋಷಿಸುವ ನಕ್ಷತ್ರದಾಕಾರದ ಆಸ್ಟ್ರೋಸೈಟ್‌ಗಳು ಹುಟ್ಟುತ್ತವೆ. ಈ ಸರದಿ ತಿರುಗುಮುರುಗಾದರೆ ಮಿದುಳು ಕಟ್ಟಲು ಬೇಕಾದಷ್ಟು ನರಕೋಶಗಳೇ ಇರುವುದಿಲ್ಲ. ಹಾಗಾದರೆ ‘ನರಕೋಶಗಳು ಸಾಕು, ಇನ್ನು ಆಸ್ಟ್ರೋಸೈಟ್ ಆಗಿ’ ಎಂದು ಆಕರಕೋಶಕ್ಕೆ ಯಾರು ಹೇಳುತ್ತಾರೆ?

ಹೇಳುವುದು ಇಂಟರ್‌ಲ್ಯೂಕಿನ್-6ರ ಕುಟುಂಬಕ್ಕೆ ಸೇರಿದ ಸೈಟೊಕೈನ್‌ಗಳು. ಈ ಕುಟುಂಬದ ಅಣುಗಳೆಲ್ಲ ಕೋಶದ ಮೇಲ್ಮೈಯಲ್ಲಿರುವ ಜಿಪಿ130 ಎಂಬ ಗ್ರಾಹಕವನ್ನು ಬಳಸುತ್ತವೆ. ಅಣು ಬಂದು ಅಂಟಿದೊಡನೆ ಗ್ರಾಹಕದ ಒಳತುದಿಯಲ್ಲಿ ಕಾದಿರುವ ಜ್ಯಾಕ್ ಎಂಬ ಕಿಣ್ವ ಚುರುಕಾಗುತ್ತದೆ. ಅದು ಸ್ಟ್ಯಾಟ್3 ಎಂಬ ಪ್ರೋಟೀನಿಗೆ ಫಾಸ್ಫೇಟ್ ಗುಂಪೊಂದನ್ನು ಅಂಟಿಸುತ್ತದೆ. ಸ್ಟ್ಯಾಟ್3 ಕೋಶಕೇಂದ್ರಕ್ಕೆ ಹೋಗಿ ಆಸ್ಟ್ರೋಸೈಟ್‌ಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಸೋಂಕಿನ ಸಮಯದಲ್ಲಿ ಯಕೃತ್ತಿನ ಕೋಶಗಳು ಇಂಟರ್‌ಲ್ಯೂಕಿನ್-6ಕ್ಕೆ ಪ್ರತಿಕ್ರಿಯಿಸುವುದೂ ಇದೇ ಮಾರ್ಗದಲ್ಲಿ.

ಇದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಕಣ್ಣಾರೆ ನೋಡಬಹುದು. ಇಲಿಯ ಭ್ರೂಣದಿಂದ, ಗರ್ಭ ಕಟ್ಟಿದ ಹದಿನಾಲ್ಕನೆಯ ದಿನದ ಸುಮಾರಿಗೆ, ಆಕರಕೋಶಗಳನ್ನು ತೆಗೆದು ಬೆಳೆಸಿ, ಇದೇ ಕುಟುಂಬದ ಲಿಫ್ ಎಂಬ ಸೈಟೊಕೈನನ್ನು ತಟ್ಟೆಗೆ ಹಾಕಿದರೆ ಕೆಲವೇ ದಿನಗಳಲ್ಲಿ ಕೋಶಗಳು ಚಪ್ಪಟೆಯಾಗಿ, ಕೈಚಾಚಿ, ಆಸ್ಟ್ರೋಸೈಟ್‌ಗಳ ಗುರುತಿನ ಪ್ರೋಟೀನಾದ ಜಿಎಫ್‌ಎಪಿಯನ್ನು ತಯಾರಿಸತೊಡಗುತ್ತವೆ. ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಟ್ಟೆಯ ತುಂಬ ಹೊಳೆಯುವ ಎಳೆಗಳ ಬಲೆ. ಈಗ ಇದನ್ನೇ ಹನ್ನೊಂದನೆಯ ದಿನದ ಭ್ರೂಣದ ಕೋಶಗಳಿಗೆ ಮಾಡಿ. ಅದೇ ಲಿಫ್, ಅಷ್ಟೇ ಪ್ರಮಾಣ. ಆದರೆ ಆಸ್ಟ್ರೋಸೈಟ್ ಹುಟ್ಟುವುದಿಲ್ಲ. ಸ್ಟ್ಯಾಟ್3 ಕೋಶಕೇಂದ್ರದವರೆಗೂ ಹೋಗುತ್ತದೆ, ಆದರೆ ಜಿಎಫ್‌ಎಪಿ ಜೀನಿನಲ್ಲಿ ಅದು ಕೂರಬೇಕಾದ ಜಾಗದ ಮೇಲೆ ಮೀಥೈಲ್ ಗುಂಪು ಅಂಟಿಕೊಂಡಿರುತ್ತದೆ, ಕೂರಲಾಗುವುದಿಲ್ಲ. ದಿನಗಳು ಕಳೆದಂತೆ ಆ ಮೀಥೈಲ್ ಗುಂಪು ತೊಲಗಿ ಜಾಗ ತೆರವಾಗುತ್ತದೆ. ಜಪಾನಿನ ವಿಜ್ಞಾನಿಗಳ ತಂಡವೊಂದು 2001ರಲ್ಲಿ ಇದನ್ನು ತೋರಿಸಿಕೊಟ್ಟಿತು. ಸಂದೇಶ ಎರಡೂ ಸಲ ತಲುಪಿತ್ತು. ಮೊದಲ ಸಲ ಕೇಳಿಸಿಕೊಳ್ಳಲು ಕೋಶ ಸಿದ್ಧವಿರಲಿಲ್ಲ.

ನಿಮ್ಮ ತರಗತಿಯಲ್ಲಿ ಹೇಳುವುದಾದರೆ ಶಾಲೆಯ ಗಂಟೆಯ ಉದಾಹರಣೆ ಕೊಡಬಹುದು. ಬೆಳಿಗ್ಗೆ ಬಾರಿಸಿದರೆ ಮಕ್ಕಳು ಒಳಗೆ ಬರುತ್ತಾರೆ, ಸಂಜೆ ಬಾರಿಸಿದರೆ ಮನೆಗೆ ಓಡುತ್ತಾರೆ, ಸದ್ದು ಮಾತ್ರ ಒಂದೇ.

ಆ ಸಂದೇಶ ಬರುವುದು ಎಲ್ಲಿಂದ ಎಂಬುದಕ್ಕೂ ಉತ್ತರ ಸಿಕ್ಕಿದೆ. 2005ರಲ್ಲಿ ಕೆನಡಾದ ಸಂಶೋಧಕರು, ಹೊಸದಾಗಿ ಹುಟ್ಟಿದ ನರಕೋಶಗಳೇ ಕಾರ್ಡಿಯೊಟ್ರೋಫಿನ್-1 ಎಂಬ, ಇದೇ ಕುಟುಂಬದ ಸೈಟೊಕೈನನ್ನು ಹೊರಸೂಸುತ್ತವೆ ಎಂದು ತೋರಿಸಿದರು. ನರಕೋಶಗಳ ಸಂಖ್ಯೆ ಏರಿದಂತೆ ಆ ಅಣುವಿನ ಪ್ರಮಾಣವೂ ಏರುತ್ತದೆ. ಸಾಕಷ್ಟು ಏರಿದಾಗ ಆಕರಕೋಶಗಳು ದಾರಿ ಬದಲಿಸುತ್ತವೆ. ಮೇಲಿನಿಂದ ಯಾರೂ ಅಪ್ಪಣೆ ಕೊಡಬೇಕಿಲ್ಲ, ಹುಟ್ಟಿದವುಗಳೇ ತಮ್ಮ ಹಿಂದೆ ಹುಟ್ಟಬೇಕಾದವುಗಳನ್ನು ನಿರ್ಧರಿಸುತ್ತವೆ. ಈ ಕೆಲಸಕ್ಕೆ ವಿಕಾಸ ಬಳಸಿಕೊಂಡಿರುವುದು ನಾವು ‘ಉರಿಯೂತದ ಅಣು’ ಎಂದು ಕರೆಯುವ ಗುಂಪನ್ನು. ಇಷ್ಟು ವರ್ಷಗಳ ನಂತರವೂ ನನಗೆ ಇದು ಬೆರಗು ಹುಟ್ಟಿಸುತ್ತದೆ.

ಹುಟ್ಟಿದ ನರಕೋಶಗಳು ತಮ್ಮ ನೆಲೆ ಸೇರುವುದಕ್ಕೂ ಇಂಥ ಅಣುಗಳ ನೆರವು ಬೇಕು. ಬಿಳಿ ರಕ್ತಕಣಗಳನ್ನು ಸರಿಯಾದ ಜಾಗಕ್ಕೆ ಸೆಳೆಯುವ ಕೀಮೊಕೈನ್‌ಗಳಲ್ಲಿ ಸಿಎಕ್ಸ್‌ಸಿಎಲ್12 ಒಂದು. ಮಿದುಳಿನ ಪೊರೆಗಳು ಇದನ್ನು ಸೂಸುತ್ತವೆ. ಇದರ ಗ್ರಾಹಕವಿಲ್ಲದ ಇಲಿಗಳ ಕಿರುಮಿದುಳಿನಲ್ಲಿ ಎಳೆಯ ನರಕೋಶಗಳು ಹೊರಪದರದಲ್ಲಿ ಇರಬೇಕಾದಷ್ಟು ಕಾಲ ಇರದೆ ಒಳಕ್ಕೆ ಜಾರಿಬಿಡುತ್ತವೆ ಎಂದು 1998ರಲ್ಲೇ ಗೊತ್ತಾಗಿತ್ತು.

ಇನ್ನು ಮೈಕ್ರೋಗ್ಲಿಯಾ. ಮಿದುಳಿನ ಕೋಶಗಳಲ್ಲಿ ಸುಮಾರು ಶೇಕಡಾ 5ರಿಂದ 10ರಷ್ಟಿರುವ ಇವು ಮಿದುಳಿನೊಳಗೇ ನೆಲೆಸಿರುವ ಪ್ರತಿರಕ್ಷಣಾ ಕೋಶಗಳು. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ-ಒರ್ತೆಗಾ ಇವನ್ನು ಬೇರೆಯೇ ಬಗೆಯ ಕೋಶಗಳೆಂದು ಗುರುತಿಸಿದರು. ಇವು ಎಲ್ಲಿಂದ ಬಂದವು ಎಂಬ ವಾದ ಬಹುಕಾಲ ನಡೆಯಿತು. 2010ರಲ್ಲಿ ಪ್ರಕಟವಾದ ಸಂಶೋಧನೆ, ಭ್ರೂಣದ ಆರಂಭದ ದಿನಗಳಲ್ಲಿ ಅದಕ್ಕೆ ಅಂಟಿಕೊಂಡಿರುವ ಯೋಕ್ ಸ್ಯಾಕ್ ಎಂಬ ಚೀಲದಿಂದ ಇವು ಮಿದುಳಿಗೆ ಬಂದು ಸೇರುತ್ತವೆ ಎಂದು ಸಾಬೀತುಪಡಿಸಿತು. ಕಾರ್ಟೆಕ್ಸ್‌ನ ಹೆಚ್ಚಿನ ನರಕೋಶಗಳು ಹುಟ್ಟುವ ಮೊದಲೇ ಮೈಕ್ರೋಗ್ಲಿಯಾ ಅಲ್ಲಿ ಇರುತ್ತವೆ. ಮಿದುಳು ಕಟ್ಟುವ ಕೆಲಸದಲ್ಲಿ ಅವು ಮೊದಲ ದಿನದಿಂದಲೂ ಪಾಲುದಾರರು.

ಅವುಗಳ ಪಾಲುದಾರಿಕೆ ಎರಡು ಮುಖದ್ದು. ಕಾರ್ಟೆಕ್ಸ್‌ನ ಐದನೆಯ ಪದರದ ನರಕೋಶಗಳನ್ನು ಅವು ಐಜಿಎಫ್-1 ಎಂಬ ವರ್ಧಕ ಅಣುವನ್ನು ಕೊಟ್ಟು ಉಳಿಸುತ್ತವೆ. ಇನ್ನೊಂದೆಡೆ, ಆಕರಕೋಶಗಳನ್ನು ನುಂಗಿ ಅವುಗಳ ಸಂಖ್ಯೆಯನ್ನು ಮಿತಿಯಲ್ಲಿ ಇಡುತ್ತವೆ, ಸತ್ತವನ್ನಷ್ಟೇ ಅಲ್ಲ, ಆರೋಗ್ಯವಾಗಿರುವವನ್ನೂ. ಕ್ಯಾಲಿಫೋರ್ನಿಯಾದ ತಂಡವೊಂದು 2013ರಲ್ಲಿ ಇದನ್ನು ಇಲಿಗಳಲ್ಲೂ ಮಂಗಗಳಲ್ಲೂ ತೋರಿಸಿತು. ಮೈಕ್ರೋಗ್ಲಿಯಾವನ್ನು ಕೆರಳಿಸಿದರೆ ಆಕರಕೋಶಗಳು ಕಡಿಮೆಯಾದವು, ತಣ್ಣಗಾಗಿಸುವ ಔಷಧಿ ಕೊಟ್ಟರೆ ಹೆಚ್ಚಾದವು. ಈ ಪ್ರಯೋಗವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ನಿಮ್ಮ ಕೊನೆಯ ಪ್ರಶ್ನೆಗೆ ಇದು ಬೇಕಾಗುತ್ತದೆ.

ಹುಟ್ಟಿದ ನಂತರವೂ ಅವುಗಳ ಕೆಲಸ ಮುಂದುವರಿಯುತ್ತದೆ. ಎಳೆಯ ಮಿದುಳಿನಲ್ಲಿ ನರಕೋಶಗಳ ನಡುವಿನ ಸಂಪರ್ಕಗಳು, ಅಂದರೆ ಸಿನಾಪ್ಸ್‌ಗಳು, ಬೇಕಾದ್ದಕ್ಕಿಂತ ಹೆಚ್ಚು ಇರುತ್ತವೆ. ಬಳಕೆಯಾಗದವು ಹೋಗಬೇಕು. ನರವಿಜ್ಞಾನಿ ಬೆತ್ ಸ್ಟೀವನ್ಸ್ ಅವರ ಪ್ರಯೋಗಾಲಯ 2012ರಲ್ಲಿ ಇದನ್ನು ಬಹಳ ನೇರವಾಗಿ ತೋರಿಸಿತು. ಇನ್ನೂ ಕಣ್ಣು ತೆರೆಯದ, ಐದು ದಿನದ ಇಲಿಮರಿಯ ಒಂದು ಕಣ್ಣಿಗೆ ಒಂದು ಬಣ್ಣ, ಇನ್ನೊಂದು ಕಣ್ಣಿಗೆ ಬೇರೆ ಬಣ್ಣ ಚುಚ್ಚಿದರು. ಬಣ್ಣ ಕಣ್ಣಿನ ನರದ ಎಳೆಗಳಗುಂಟ ಸಾಗಿ ಮಿದುಳಿನ ಥಾಲಮಸ್ ತಲುಪಿತು. ಆ ಮರಿಗಳ ಮೈಕ್ರೋಗ್ಲಿಯಾ ಮೊದಲೇ ಹಸಿರಾಗಿ ಹೊಳೆಯುವಂತೆ ಮಾಡಿದ ತಳಿಯವು. ಥಾಲಮಸ್ಸಿನ ತೆಳು ಸೀಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಹಸಿರು ಕೋಶಗಳ ಹೊಟ್ಟೆಯೊಳಗೆ ಎರಡೂ ಬಣ್ಣದ ಚುಕ್ಕಿಗಳು, ನುಂಗಿದ ಸಿನಾಪ್ಸ್‌ಗಳ ಚೂರುಗಳು. ಒಂದು ಕಣ್ಣಿನ ಚಟುವಟಿಕೆಯನ್ನು ಔಷಧಿಯಿಂದ ತಗ್ಗಿಸಿದಾಗ ಆ ಕಣ್ಣಿನ ಬಣ್ಣವೇ ಹೆಚ್ಚಾಗಿ ಕಂಡಿತು. ಸುಮ್ಮನಿರುವ ಎಳೆಗಳನ್ನು ಅವು ಆರಿಸಿ ನುಂಗುತ್ತಿದ್ದವು.

ಆರಿಸುವುದಕ್ಕೆ ಗುರುತು ಬೇಕಲ್ಲ? ಆ ಗುರುತು ಕಾಂಪ್ಲಿಮೆಂಟ್ ಪ್ರೋಟೀನ್‌ಗಳದು. ರಕ್ತದಲ್ಲಿ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ‘ಇದನ್ನು ನುಂಗಿ’ ಎಂದು ತೋರಿಸಿಕೊಡುವ ಅವೇ ಪ್ರೋಟೀನ್‌ಗಳು ಇಲ್ಲಿ ಸಿನಾಪ್ಸ್‌ಗೆ ಅಂಟಿಕೊಳ್ಳುತ್ತವೆ. ಕಾಂಪ್ಲಿಮೆಂಟ್ ಸರಣಿಯ ಮೊದಲ ಕೊಂಡಿಯಾದ ಸಿ1ಕ್ಯೂ ಪ್ರೋಟೀನನ್ನು ತಯಾರಿಸಲು ಅಕ್ಷಿಪಟದ ನರಕೋಶಗಳಿಗೆ ಸೂಚನೆ ಕೊಡುವುದು ಟಿಜಿಎಫ್-ಬೀಟಾ ಎಂಬ ಸೈಟೊಕೈನ್. ಅದನ್ನು ಸೂಸುವುದು ನಾವು ಆಗಲೇ ಭೇಟಿಯಾದ ಆಸ್ಟ್ರೋಸೈಟ್‌ಗಳು. ಈ ಸರಣಿ ವಿಪರೀತ ಚುರುಕಾದರೆ ಏನಾದೀತು ಎಂಬುದಕ್ಕೆ ಸುಳಿವು 2016ರಲ್ಲಿ ಸಿಕ್ಕಿತು. ಇದೇ ಸರಣಿಯ ಇನ್ನೊಂದು ಕೊಂಡಿಯಾದ ಸಿ4ರ ಜೀನಿನ ಕೆಲವು ರೂಪಗಳು ಮಿದುಳಿನಲ್ಲಿ ಸಿ4ಎ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಅಂಥವರಲ್ಲಿ ಸ್ಕಿಜೋಫ್ರೇನಿಯಾದ ಅಪಾಯ ಸ್ವಲ್ಪ ಹೆಚ್ಚು. ‘ಸ್ವಲ್ಪ’ ಎಂಬುದಕ್ಕೆ ಒತ್ತು ಕೊಟ್ಟು ಓದಿ.

ಇಂಟರ್‌ಲ್ಯೂಕಿನ್-33ರ ಕಥೆ ಇನ್ನೂ ಸ್ವಾರಸ್ಯದ್ದು. ಎಳೆಯ ಇಲಿಯ ಬೆನ್ನುಹುರಿ ಮತ್ತು ಥಾಲಮಸ್‌ನಲ್ಲಿ ಆಸ್ಟ್ರೋಸೈಟ್‌ಗಳು ಇದನ್ನು ಸೂಸಿದಾಗ ಮೈಕ್ರೋಗ್ಲಿಯಾ ಹೆಚ್ಚು ಸಿನಾಪ್ಸ್‌ಗಳನ್ನು ನುಂಗುತ್ತವೆ. ಇದು 2018ರ ಶೋಧ. ಎರಡು ವರ್ಷಗಳ ನಂತರ, ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ನಲ್ಲಿ ನೋಡಿದಾಗ ಚಿತ್ರ ಬೇರೆಯಾಗಿತ್ತು. ಅಲ್ಲಿ ಇಂಟರ್‌ಲ್ಯೂಕಿನ್-33 ಅನ್ನು ಸೂಸುವುದು ನರಕೋಶಗಳು. ಅದನ್ನು ಪಡೆದ ಮೈಕ್ರೋಗ್ಲಿಯಾ ನರಕೋಶಗಳ ಸುತ್ತಲಿನ ಗಟ್ಟಿ ಪದಾರ್ಥವನ್ನು ಕರಗಿಸಿ ಹೊಸ ಸಿನಾಪ್ಸ್‌ಗಳಿಗೆ ಜಾಗ ಮಾಡಿಕೊಡುತ್ತವೆ. ಅದೇ ಅಣು, ಅದೇ ಬಗೆಯ ಕೋಶ, ಒಂದೆಡೆ ಸಂಪರ್ಕ ಕಡಿಮೆ, ಇನ್ನೊಂದೆಡೆ ಹೆಚ್ಚು. ‘ಈ ಸೈಟೊಕೈನ್ ಒಳ್ಳೆಯದು, ಆ ಸೈಟೊಕೈನ್ ಕೆಟ್ಟದ್ದು’ ಎಂದು ಪಟ್ಟಿ ಮಾಡುವ ಲೇಖನ ಕಂಡರೆ ನಾನು ಕೂಡಲೇ ಪುಟ ಮಗುಚುವುದು ಇದೇ ಕಾರಣಕ್ಕೆ.

ಟಿಎನ್‌ಎಫ್ ಬಗ್ಗೆಯೂ ಎರಡು ಮಾತು. ಕ್ಯಾನ್ಸರ್ ಗಂಟು ಕರಗಿಸುವ, ಕೀಲುವಾತದಲ್ಲಿ ಮೂಳೆ ಸವೆಸುವ ಅಣು ಎಂದೇ ಅದಕ್ಕೆ ಹೆಸರು. ಆದರೆ ನರಕೋಶಗಳ ಚಟುವಟಿಕೆಯನ್ನು ಬಹಳ ಹೊತ್ತು ತಡೆದರೆ ಗ್ಲಿಯಾ ಕೋಶಗಳು ಸಣ್ಣ ಪ್ರಮಾಣದಲ್ಲಿ ಟಿಎನ್‌ಎಫ್ ಸೂಸುತ್ತವೆ, ಆಗ ನರಕೋಶಗಳು ತಮ್ಮ ಸಿನಾಪ್ಸ್‌ಗಳಲ್ಲಿ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ಕ್ಷೀಣವಾದ ಸಂದೇಶವನ್ನೂ ಹಿಡಿಯುವಂತಾಗುತ್ತವೆ ಎಂದು 2006ರಲ್ಲಿ ಡೇವಿಡ್ ಸ್ಟೆಲ್‌ವಾಗನ್ ಮತ್ತು ರಾಬರ್ಟ್ ಮಲೆಂಕಾ ತೋರಿಸಿದರು. ಎಳೆಯ ಇಲಿಯ ಒಂದು ಕಣ್ಣನ್ನು ಕೆಲವು ದಿನ ಮುಚ್ಚಿದರೆ ತೆರೆದ ಕಣ್ಣಿನ ಸಂಪರ್ಕಗಳು ಬಲಗೊಳ್ಳುತ್ತವೆ. ಟಿಎನ್‌ಎಫ್ ಇಲ್ಲದ ಇಲಿಗಳಲ್ಲಿ ಹಾಗೆ ಬಲಗೊಳ್ಳುವುದಿಲ್ಲ.

ಇಷ್ಟೆಲ್ಲ ಹೇಳಿದ್ದರ ಉದ್ದೇಶ ಒಂದೇ. ಮಿದುಳಿನ ಕೋಶಗಳು ಇವೇ ಅಣುಗಳನ್ನು ಬಳಸಿ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿರುವಾಗ, ಹೊರಗಿನಿಂದ ಅದೇ ಅಣುಗಳ ಪ್ರವಾಹ ಬಂದರೆ ಗೊಂದಲವಾಗುವುದು ಸಹಜ. ಕೋಶಕ್ಕೆ ಇದು ಪಕ್ಕದ ನರಕೋಶ ಕಳಿಸಿದ ಇಂಟರ್‌ಲ್ಯೂಕಿನ್, ಇದು ಸೋಂಕಿನದು ಎಂದು ಬೇರ್ಪಡಿಸಿ ನೋಡುವ ಸಾಮರ್ಥ್ಯವಿಲ್ಲ.

ವೈರಾಣುವೇ ಇಲ್ಲದೆ ಬರಿಯ ಸಂದೇಶದ ಅಣು ಮಿದುಳಿಗೆ ಏನು ಮಾಡಬಲ್ಲದು ಎಂಬುದಕ್ಕೆ ನೋವಿನ ಸಾಕ್ಷಿಯೊಂದು ಮನುಷ್ಯರಲ್ಲೇ ಇದೆ. 1984ರಲ್ಲಿ ಫ್ರಾನ್ಸಿನ ವೈದ್ಯರಾದ ಜ್ಯಾಂ ಐಕಾರ್ಡಿ ಮತ್ತು ಫ್ರಾನ್ಸ್ವಾಸ್ ಗುತಿಯೆ ಕೆಲವು ಎಳೆಯ ಮಕ್ಕಳನ್ನು ವರ್ಣಿಸಿದರು. ಬೆಳೆಯದ ತಲೆ, ಮಿದುಳಿನೊಳಗೆ ಸುಣ್ಣದ ಕಣಗಳು, ಸವೆದ ಬಿಳಿಭಾಗ. ಗರ್ಭದಲ್ಲಿದ್ದಾಗ ವೈರಾಣು ತಗುಲಿದ ಮಕ್ಕಳಂತೆಯೇ ಕಾಣುತ್ತಿದ್ದರು, ಆದರೆ ಯಾವ ಪರೀಕ್ಷೆಯಲ್ಲೂ ವೈರಾಣು ಸಿಗಲಿಲ್ಲ. ಸಿಕ್ಕಿದ್ದು ಬೆನ್ನುಹುರಿಯ ದ್ರವದಲ್ಲಿ ವಿಪರೀತ ಪ್ರಮಾಣದ ಇಂಟರ್‌ಫೆರಾನ್. ಇದು ಆನುವಂಶಿಕ ಕಾಯಿಲೆ ಎಂಬುದು ಈಗ ತಿಳಿದಿದೆ. ಕೋಶದೊಳಗಿನ ಡಿಎನ್‌ಎ, ಆರ್‌ಎನ್‌ಎ ಚೂರುಗಳನ್ನು ವಿಲೇವಾರಿ ಮಾಡುವ ಜೀನ್‌ಗಳು ಕೆಟ್ಟಿರುವುದರಿಂದ ಕೋಶ ತನ್ನದೇ ಚೂರುಗಳನ್ನು ವೈರಾಣುವೆಂದು ತಿಳಿದು ಇಂಟರ್‌ಫೆರಾನ್ ಸೂಸುತ್ತಲೇ ಇರುತ್ತದೆ. ಇದು ತೀರಾ ಅಪರೂಪದ ಕಾಯಿಲೆ, ನಿಮ್ಮ ತಂಗಿಯ ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂದೇಶ ನಿಲ್ಲದೆ ಹರಿದರೆ ಆಗುವ ಹಾನಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಬೇರೇನೂ ತೋರಿಸದು ಎಂದು ಇಲ್ಲಿ ಹೇಳಿದೆ.

ಈಗ ನೀವು ಓದಿದ ಲೇಖನದ ಹಿಂದಿರುವ ಪ್ರಯೋಗಗಳಿಗೆ ಬರೋಣ. ಗರ್ಭಿಣಿ ಇಲಿಗೆ ಪಾಲಿ ಐಸಿ ಎಂಬ ಕೃತಕ ಆರ್‌ಎನ್‌ಎಯನ್ನು ಚುಚ್ಚುತ್ತಾರೆ. ಅದರಲ್ಲಿ ವೈರಾಣುವಿಲ್ಲ, ಆದರೆ ತಾಯಿಯ ದೇಹ ವೈರಾಣು ಬಂದಿದೆಯೆಂದೇ ತಿಳಿದು ಸೈಟೊಕೈನ್‌ಗಳನ್ನು ಸೂಸುತ್ತದೆ. ಹುಟ್ಟಿದ ಮರಿಗಳು ದೊಡ್ಡವಾದ ಮೇಲೆ ಇತರ ಇಲಿಗಳೊಂದಿಗೆ ಬೆರೆಯುವುದು ಕಡಿಮೆ, ಮಾಡಿದ್ದನ್ನೇ ಮಾಡುವುದು ಹೆಚ್ಚು. ಇವು ಆಟಿಸಂನ ಲಕ್ಷಣಗಳನ್ನು ಹೋಲುತ್ತವೆ. 2007ರಲ್ಲಿ ಪಾಲ್ ಪ್ಯಾಟರ್ಸನ್ ಅವರ ತಂಡ, ಪಾಲಿ ಐಸಿಯ ಬದಲು ಇಂಟರ್‌ಲ್ಯೂಕಿನ್-6 ಅನ್ನಷ್ಟೇ ಒಂದು ಸಲ ಕೊಟ್ಟರೂ ಮರಿಗಳ ವರ್ತನೆಯಲ್ಲಿ ಕೊರತೆಗಳು ಕಾಣಿಸಿಕೊಳ್ಳುತ್ತವೆ, ಪಾಲಿ ಐಸಿಯ ಜೊತೆಗೆ ಇಂಟರ್‌ಲ್ಯೂಕಿನ್-6 ಅನ್ನು ತಡೆಯುವ ಪ್ರತಿಕಾಯ ಕೊಟ್ಟರೆ ಮರಿಗಳು ಬಹುಮಟ್ಟಿಗೆ ಸರಿಯಾಗಿರುತ್ತವೆ ಎಂದು ತೋರಿಸಿತು. 2016ರಲ್ಲಿ ಗ್ಲೋರಿಯಾ ಚೋಯ್ ಮತ್ತು ಜುನ್ ಹು ಮುಂದಿನ ಕೊಂಡಿಯನ್ನು ಹಿಡಿದರು. ತಾಯಿಯ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಸೂಸುವ ಇಂಟರ್‌ಲ್ಯೂಕಿನ್-17ಎ ಭ್ರೂಣದ ಕಾರ್ಟೆಕ್ಸ್ ಮೇಲೆ ಪ್ರಭಾವ ಬೀರಿ, ಪದರಗಳು ಅಲ್ಲಲ್ಲಿ ಅಸ್ತವ್ಯಸ್ತವಾದ ತೇಪೆಗಳನ್ನು ಉಂಟುಮಾಡುತ್ತಿತ್ತು. ಮರುವರ್ಷ ಗೊತ್ತಾದದ್ದು ಇನ್ನೂ ಅನಿರೀಕ್ಷಿತ: ಆ ಟಿ ಕೋಶಗಳನ್ನು ಹುರಿದುಂಬಿಸುವ ಒಂದು ಬಗೆಯ ಬ್ಯಾಕ್ಟೀರಿಯಾ ತಾಯಿಯ ಕರುಳಿನಲ್ಲಿ ಇಲ್ಲದಿದ್ದರೆ ಮರಿಗಳಿಗೆ ಏನೂ ಆಗುತ್ತಿರಲಿಲ್ಲ. 2020ರಲ್ಲಿ ಇದೇ ಗುಂಪು, ಹೀಗೆ ತೊಂದರೆಗೊಳಗಾಗಿ ಬೆಳೆದ ಇಲಿಗಳ ಕಾರ್ಟೆಕ್ಸ್‌ಗೆ ಇಂಟರ್‌ಲ್ಯೂಕಿನ್-17ಎ ಕೊಟ್ಟಾಗ ಅವು ತಾತ್ಕಾಲಿಕವಾಗಿ ಹೆಚ್ಚು ಬೆರೆಯುತ್ತವೆ ಎಂದು ವರದಿ ಮಾಡಿತು. ಗರ್ಭದಲ್ಲಿ ದಾರಿ ತಪ್ಪಿಸಿದ ಅಣುವೇ ಬೆಳೆದ ಮೇಲೆ ನೆರವಿಗೆ ಬಂದಿತ್ತು. ಆಟಿಸಂ ಇರುವ ಕೆಲವು ಮಕ್ಕಳು ಜ್ವರ ಬಂದಾಗ ಹೆಚ್ಚು ಮಾತಾಡುತ್ತಾರೆ, ಹೆಚ್ಚು ಸ್ಪಂದಿಸುತ್ತಾರೆ ಎಂದು ತಂದೆತಾಯಿಗಳು ಬಹುಕಾಲದಿಂದ ಹೇಳುತ್ತಾ ಬಂದಿದ್ದ ಮಾತಿಗೆ ಇದರಿಂದ ಒಂದು ನೆಲೆ ಸಿಕ್ಕಿದೆ.

ಈ ಪ್ರಯೋಗಗಳನ್ನು ನಿಮ್ಮ ತಂಗಿಯ ಮೇಲೆ ಹಾಗೆಯೇ ಹೊರಿಸಲಾಗದು. ಇಲಿಯ ಗರ್ಭಾವಧಿ ಇಪ್ಪತ್ತು ದಿನ, ಮನುಷ್ಯರದು ಸುಮಾರು 280 ದಿನ. ಇಲಿಯ ತಾಯಿ ಒಂದು ದಿನ ಕಾಯಿಲೆ ಬಿದ್ದರೆ, ಸ್ಥೂಲ ಲೆಕ್ಕದಲ್ಲಿ, ಅದು ನಮ್ಮಲ್ಲಿ ಎರಡು ವಾರ ಸತತವಾಗಿ ಕಾಯಿಲೆ ಬಿದ್ದಂತೆ. ಕೊಡುವ ಪ್ರಮಾಣವೂ ಪರಿಣಾಮ ಕಾಣಲೆಂದೇ ಆರಿಸಿದ್ದು.

ಮನುಷ್ಯರಲ್ಲಿ ಸಿಕ್ಕಿರುವ ಪುರಾವೆ ಏನು? ಅತ್ಯಂತ ಬಲವಾದದ್ದು ರುಬೆಲ್ಲಾದ್ದು. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಪಿಡುಗು ಹಬ್ಬಿದ ನಂತರ ಹುಟ್ಟಿದ, ಗರ್ಭದಲ್ಲೇ ಸೋಂಕು ತಗುಲಿದ 243 ಮಕ್ಕಳನ್ನು ಮನೋವೈದ್ಯೆ ಸ್ಟೆಲ್ಲಾ ಚೆಸ್ ಅಧ್ಯಯನ ಮಾಡಿದರು. ಅವರಲ್ಲಿ 10 ಮಕ್ಕಳಿಗೆ ಆಟಿಸಂನ ಪೂರ್ಣ ಲಕ್ಷಣಗಳೂ 8 ಮಕ್ಕಳಿಗೆ ಭಾಗಶಃ ಲಕ್ಷಣಗಳೂ ಇದ್ದವು. ಆದರೆ ರುಬೆಲ್ಲಾ ವೈರಾಣು ಮಾಸನ್ನು ದಾಟಿ ಭ್ರೂಣಕ್ಕೇ ತಗುಲುತ್ತದೆ. ಸಾಮಾನ್ಯ ಫ್ಲೂ ಹಾಗೆ ದಾಟುವುದು ಬಹಳ ಅಪರೂಪ. ಡೆನ್ಮಾರ್ಕಿನಲ್ಲಿ 96,736 ಮಕ್ಕಳ ತಾಯಂದಿರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಸಾಮಾನ್ಯ ಸೋಂಕುಗಳಿಗೂ ಆಟಿಸಂಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ ಎಂದಿತು. ಫ್ಲೂ ಮತ್ತು ಒಂದು ವಾರಕ್ಕೂ ಮೀರಿದ ಜ್ವರದ ವಿಷಯದಲ್ಲಿ ಮಾತ್ರ ಏರಿಕೆ ಕಂಡಿತ್ತು. ಆದರೆ ಹಲವು ಹೋಲಿಕೆಗಳನ್ನು ಒಟ್ಟಿಗೆ ಮಾಡಿದ್ದರಿಂದ ಇವು ಆಕಸ್ಮಿಕವಾಗಿರಬಹುದು ಎಂದು ಅಧ್ಯಯನ ಮಾಡಿದವರೇ ಎಚ್ಚರಿಸಿದ್ದರು. 2017ರಲ್ಲಿ ಕ್ಯಾಲಿಫೋರ್ನಿಯಾದ 1,96,929 ಮಕ್ಕಳ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ತಾಯಿಗೆ ಗರ್ಭಾವಧಿಯ ಯಾವ ಹಂತದಲ್ಲಿ ಫ್ಲೂ ಬಂದಿದ್ದರೂ ಆಟಿಸಂನ ಅಪಾಯ ಹೆಚ್ಚಲಿಲ್ಲ.

ಆರಂಭದ ವಾರಗಳ ತೀವ್ರ ಜ್ವರಕ್ಕೂ ಬೆನ್ನುಹುರಿಯ ಜನ್ಮದೋಷಗಳಿಗೂ ಸಂಬಂಧವಿದೆ ಎಂಬುದು ನಿಜ. ಆದರೆ ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕನೆಯ ವಾರದಲ್ಲಿ. ನಿಮ್ಮ ತಂಗಿಗೆ ಜ್ವರ ಬಂದಾಗ ಆ ಹಂತ ದಾಟಿಯಾಗಿತ್ತು. ಉರಿಯೂತ ನಿಜಕ್ಕೂ ದೊಡ್ಡ ಅಪಾಯವಾಗುವುದು ಗರ್ಭಚೀಲದೊಳಗೇ ಸೋಂಕು ಸೇರಿ, ಮಗು ಅವಧಿಗೆ ಬಹಳ ಮೊದಲೇ ಹುಟ್ಟಿದಾಗ. 23ರಿಂದ 32ನೆಯ ವಾರದ ನಡುವೆ, ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಹೊದಿಸಬೇಕಾದ ಎಳೆಯ ಕೋಶಗಳು ಸೈಟೊಕೈನ್‌ಗಳ ಹೊಡೆತವನ್ನು ತಡೆಯಲಾರವು. ನೀವು ಬರೆದಿರುವುದು ಅಂಥ ಸ್ಥಿತಿಯಲ್ಲ.

ತಂಗಿಗೆ ಹೇಳಬೇಕಾದದ್ದು ಇಷ್ಟು. ಮುಂದಿನ ತಪಾಸಣೆಯಲ್ಲಿ ಜ್ವರ ಬಂದಿದ್ದನ್ನು ವೈದ್ಯರಿಗೆ ತಿಳಿಸಲಿ, ಐದನೆಯ ತಿಂಗಳಿನ ಸ್ಕ್ಯಾನ್ ತಪ್ಪಿಸದಿರಲಿ. ಮತ್ತೆ ಜ್ವರ ಬಂದರೆ ಸಹಿಸಿಕೊಂಡು ಕೂರದೆ ವೈದ್ಯರ ಸಲಹೆಯಂತೆ ಇಳಿಸಿಕೊಳ್ಳಲಿ. ಫ್ಲೂ ಲಸಿಕೆಯನ್ನು ಇನ್ನೂ ಹಾಕಿಸಿಕೊಂಡಿಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಲಿ. ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೆ ಅದನ್ನು ಶಿಫಾರಸು ಮಾಡುತ್ತದೆ. ಲಸಿಕೆಯೂ ಸೈಟೊಕೈನ್‌ಗಳನ್ನು ಏರಿಸುವುದಿಲ್ಲವೇ ಎಂದು ನೀವು ಕೇಳಬಹುದು. ಏರಿಸುತ್ತದೆ, ಆದರೆ ನಿಜವಾದ ಫ್ಲೂ ಏರಿಸುವುದಕ್ಕೆ ಹೋಲಿಸಿದರೆ ಅದು ಅಲ್ಪ, ಒಂದೆರಡು ದಿನಗಳಲ್ಲಿ ಇಳಿದುಹೋಗುವಂಥದ್ದು. ರುಬೆಲ್ಲಾ ಲಸಿಕೆಯ ಮಾತು ಬೇರೆ. ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣು ಇರುವುದರಿಂದ ಗರ್ಭ ಧರಿಸುವ ಮೊದಲೇ ಹಾಕಿಸಿಕೊಂಡಿರಬೇಕು.

ಇನ್ನು ತಡೆಯುವ ಔಷಧಿಗಳು. ಇವೆ. ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ಮುಚ್ಚುವ ಟೊಸಿಲಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಕೀಲುವಾತಕ್ಕೆ ಬಳಸುತ್ತಾರೆ. ಸೈಟೊಕೈನ್‌ಗಳ ಸಂದೇಶವನ್ನು ಕೋಶದೊಳಗೇ ತಡೆಯುವ ಬ್ಯಾರಿಸಿಟಿನಿಬ್ ಎಂಬ ಮಾತ್ರೆಯೂ ಇದೆ. ಮೇಲೆ ಹೇಳಿದ ಐಕಾರ್ಡಿ-ಗುತಿಯೆ ಕಾಯಿಲೆಯ ಮಕ್ಕಳಿಗೆ ಇದನ್ನು ಕೊಟ್ಟಾಗ ಇಂಟರ್‌ಫೆರಾನ್‌ನ ಪ್ರಭಾವ ತಗ್ಗಿ, ಕೆಲವು ಮಕ್ಕಳು ಹೊಸ ಕೌಶಲಗಳನ್ನು ಕಲಿತರು ಎಂದು 2020ರಲ್ಲಿ ವರದಿಯಾಯಿತು. ಅಂಥ ಮಕ್ಕಳ ತಂದೆತಾಯಿಗಳ ಪಾಲಿಗೆ ಇದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ಮಾತಿನಲ್ಲಿ ಹೇಳಲಾಗದು.

ಆದರೆ ಈ ಔಷಧಿಗಳನ್ನು ಆರೋಗ್ಯವಾಗಿರುವ ಗರ್ಭಿಣಿಗೆ ಮುನ್ನೆಚ್ಚರಿಕೆಯೆಂದು ಕೊಡುವ ಮಾತೇ ಇಲ್ಲ. ಬ್ಯಾರಿಸಿಟಿನಿಬ್ ತಡೆಯುವುದು ಜ್ಯಾಕ್ ಕಿಣ್ವವನ್ನು. ಆಕರಕೋಶ ಆಸ್ಟ್ರೋಸೈಟ್ ಆಗಲು ಬಳಸುವುದೂ ಅದೇ ಜ್ಯಾಕ್, ಅದೇ ಸ್ಟ್ಯಾಟ್3. ತಾಯಿಯ ಜ್ವರದ ಸಂದೇಶವನ್ನು ತಡೆದು ಭ್ರೂಣದ ಸಂದೇಶವನ್ನು ಬಿಟ್ಟುಬಿಡು ಎಂದು ಮಾತ್ರೆಗೆ ಹೇಳಲು ಬರುವುದಿಲ್ಲ. ಗರ್ಭಾವಧಿಯಲ್ಲಿ ಇದನ್ನು ಬಳಸಬಾರದು ಎಂಬ ಎಚ್ಚರಿಕೆ ಔಷಧಿಯ ಜೊತೆಗೇ ಬರುತ್ತದೆ. ಟೊಸಿಲಿಜುಮ್ಯಾಬ್‌ನಂಥ ಪ್ರತಿಕಾಯಗಳು ಗರ್ಭಾವಧಿಯ ಉತ್ತರಾರ್ಧದಲ್ಲಿ ಮಾಸನ್ನು ದಾಟಿ ಮಗುವಿನ ರಕ್ತ ಸೇರುತ್ತವೆ. ಮೈಕ್ರೋಗ್ಲಿಯಾವನ್ನು ತಣ್ಣಗಾಗಿಸಿದ ಪ್ರಯೋಗವನ್ನು ಈಗ ನೆನೆಯಿರಿ: ಇರಬೇಕಾದ್ದಕ್ಕಿಂತ ಹೆಚ್ಚು ಆಕರಕೋಶಗಳು ಉಳಿದಿದ್ದವು. ಉರಿಯೂತವೇ ಇಲ್ಲದಾಗ ಅವುಗಳ ಕೈಕಟ್ಟಿದರೆ ತಪ್ಪುವುದು ಎಂದಿನ ಲೆಕ್ಕ. ‘ರೋಗನಿರೋಧಕ ಶಕ್ತಿ ಹೆಚ್ಚಿಸಿ ಮಗುವಿನ ಮಿದುಳು ಚುರುಕಾಗಿಸುವ’ ಪುಡಿ, ಕಷಾಯ, ಮಾತ್ರೆಗಳ ಜಾಹೀರಾತುಗಳು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಯಾವ ಅಣುವನ್ನು, ಯಾವ ಕೋಶದಲ್ಲಿ, ಯಾವ ವಾರದಲ್ಲಿ ಹೆಚ್ಚಿಸುತ್ತೇವೆ ಎಂದು ಅವುಗಳಲ್ಲಿ ಯಾವುದೂ ಹೇಳುವುದಿಲ್ಲ. ತಂಗಿ ಅವುಗಳ ಗೊಡವೆಗೆ ಹೋಗದಿರಲಿ. ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆ, ಫೋಲಿಕ್ ಆಮ್ಲಗಳನ್ನು ಮಾತ್ರ ತಪ್ಪದೆ ಮುಂದುವರಿಸಲಿ.